ಚೋಮನ ಸಾಲ ಮತ್ತು ಕಾಯ್ದೆಯ ಎರಡನೆಯ ಕಲಂ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗುಲಾಮಗಿರಿಯ ಬಗ್ಗೆ ಬರೆದ ಕಥೆ ಕಾದಂಬರಿಗಳನ್ನು ನಾವು ಸಾಮಾನ್ಯವಾಗಿ ಕಣ್ಣೀರು ಒರೆಸಿಕೊಂಡು ಓದಿ ಮುಗಿಸುತ್ತೇವೆ. ಅದು ತಪ್ಪಲ್ಲ. ಆದರೆ ಕಣ್ಣೀರು ಬಂದ ಪುಟದಲ್ಲೇ ಸ್ವಲ್ಪ ನಿಂತು ಒಂದು ಪ್ರಶ್ನೆ ಕೇಳಿ ನೋಡಿ: ಇದು ನಡೆಯುವಾಗ ಆ ಊರಿನ ಕಾನೂನು ಏನು ಹೇಳುತ್ತಿತ್ತು? ಈ ಪ್ರಶ್ನೆ ಕೇಳಿದ ಕೂಡಲೇ ಕಥೆ ಬೇರೆಯದೇ ರೀತಿಯಲ್ಲಿ ಬಿಚ್ಚಿಕೊಳ್ಳುತ್ತದೆ.

ಉರ್ದು ವಿದ್ಯಾರ್ಥಿಗಳಿಗೆ ಪರಿಚಿತವಾದ ಉದಾಹರಣೆಯಿಂದ ಶುರು ಮಾಡೋಣ. ಮಿರ್ಜಾ ಹಾದಿ ರುಸ್ವಾ ಅವರ 'ಉಮರಾವ್ ಜಾನ್ ಅದಾ' 1899ರಲ್ಲಿ ಬಂತು. ಫೈಜಾಬಾದಿನ ಅಮೀರನ್ ಎಂಬ ಪುಟ್ಟ ಹುಡುಗಿಯನ್ನು ಅಪಹರಿಸಿ ಲಖನೌದಲ್ಲಿ ಮಾರುತ್ತಾರೆ. ಕಂಪನಿ ಸರ್ಕಾರ 1843ರಲ್ಲೇ ಐದನೆಯ ಕಾಯ್ದೆ ತಂದು, ಮನುಷ್ಯನನ್ನು ಆಸ್ತಿ ಎಂದು ಹೇಳಿಕೊಂಡು ಬರುವ ಯಾರ ಹಕ್ಕನ್ನೂ ನ್ಯಾಯಾಲಯಗಳು ಮಾನ್ಯ ಮಾಡಬಾರದು ಎಂದು ವಿಧಿಸಿತ್ತು. ಆದರೆ ಅವಧ್ ಆಗಿನ್ನೂ ನವಾಬರದು. 1856ರವರೆಗೆ ಕಂಪನಿಯ ಕಾಯ್ದೆ ಅಲ್ಲಿಗೆ ತಲುಪಿರಲಿಲ್ಲ. ತಲುಪಿದ್ದರೂ ಆ ಕಾಯ್ದೆಯಲ್ಲಿ ಮಾರಿದವನಿಗೆ ಶಿಕ್ಷೆ ಇರಲಿಲ್ಲ. ಮಾರಾಟವನ್ನು ಅಪರಾಧ ಮಾಡಿದ್ದು 1860ರ ದಂಡಸಂಹಿತೆ. ರುಸ್ವಾ ಅವರು ಇದನ್ನೆಲ್ಲ ವಿವರಿಸಲು ಹೋಗುವುದಿಲ್ಲ, ಕಾದಂಬರಿಕಾರ ವಕೀಲನಲ್ಲವಲ್ಲ.

ಅಮೆರಿಕದಲ್ಲಿ ಮಾತ್ರ ಕಾನೂನು ನೇರವಾಗಿ ಕಥೆಯೊಳಗೇ ಬಂದು ಕುಳಿತಿತು. ಓಡಿಹೋದ ಗುಲಾಮರನ್ನು ಹಿಡಿದುಕೊಡಲೇಬೇಕೆಂಬ ಕಾಯ್ದೆ 1850ರಲ್ಲಿ ಆಯಿತು. ಎರಡೇ ವರ್ಷದಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋವ್ 'ಅಂಕಲ್ ಟಾಮ್ಸ್ ಕ್ಯಾಬಿನ್' ಪುಸ್ತಕ ಹೊರತಂದರು. ಅದರಲ್ಲಿ ಸೆನೆಟರ್ ಬರ್ಡ್ ಎಂಬಾತ ಅಂಥ ಕಾಯ್ದೆಗೆ ಮತ ಹಾಕಿ ಮನೆಗೆ ಬರುತ್ತಾನೆ, ಹೆಂಡತಿಯೊಡನೆ ಅದನ್ನು ಸಮರ್ಥಿಸಿಯೂ ಮಾತಾಡುತ್ತಾನೆ. ಅದೇ ರಾತ್ರಿ ಮಗುವನ್ನೆತ್ತಿಕೊಂಡು ಹಿಮದ ನದಿ ದಾಟಿ ಬಂದ ಎಲೈಜಾ ಅವನ ಮನೆಯಲ್ಲೇ ಆಸರೆ ಕೇಳುತ್ತಾಳೆ. ಸೆನೆಟರ್ ತಾನೇ ಗಾಡಿ ಕಟ್ಟಿಸಿ ಅವಳನ್ನು ಪಾರು ಮಾಡುತ್ತಾನೆ. ಕಾಯ್ದೆಯ ವಿರುದ್ಧ ನೂರು ಭಾಷಣ ಮಾಡಿದರೂ ಆಗದ ಕೆಲಸ ಈ ಒಂದು ಅಧ್ಯಾಯದಲ್ಲಿ ಆಗಿದೆ. (ಭಾಷಣ ಮಾಡುತ್ತಾ ಹೀಗೆ ಹೇಳುವುದು ಕಷ್ಟವೇ!)

ಆ ಕಾದಂಬರಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಲೈಜಾಳ ಮಗುವನ್ನು ಮಾರಲು ಹೊರಟದ್ದು ಯಜಮಾನನ ಸಾಲ ತೀರಿಸಲು. ಅಲ್ಲಿ ಧಣಿಯ ಸಾಲಕ್ಕೆ ಗುಲಾಮ ಮಾರಾಟವಾಗುತ್ತಾನೆ. ನಮ್ಮ ಕಡೆ ತನ್ನ ಸಾಲಕ್ಕೆ ಮನುಷ್ಯ ತಾನೇ ಆಳಾಗುತ್ತಾನೆ. ಇದಕ್ಕೇ ನಮ್ಮಲ್ಲಿ ಜೀತ ಎಂಬ ಮಾತಿರುವುದು.

ಬುಕಾನನ್ 1801ರಲ್ಲಿ ಕೆನರಾ ಪ್ರದೇಶದಲ್ಲಿ ಸಂಚರಿಸಿದಾಗ ಹೊಲದಾಳುಗಳನ್ನು ಕೊಳ್ಳುವ, ಮಾರುವ ಪದ್ಧತಿಯನ್ನು ದಾಖಲಿಸಿದ್ದಾನೆ. 1843ರ ನಂತರ ಆಳಿನ ಮೇಲೆ ಒಡೆತನ ಸಾಧಿಸಲು ಕೋರ್ಟಿಗೆ ಹೋಗುವಂತಿರಲಿಲ್ಲ. ಆದರೆ ಸಾಲ ಇತ್ತಲ್ಲ! 1859ರ ಹದಿಮೂರನೆಯ ಕಾಯ್ದೆಯ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರು ಮತ್ತೆ ಕೆಲಸಕ್ಕೆ ಹೋಗೆಂದು ಆಜ್ಞಾಪಿಸಬಹುದಿತ್ತು, ಹೋಗದಿದ್ದರೆ ಸೆರೆಮನೆಗೂ ಕಳಿಸಬಹುದಿತ್ತು. ಒಂದು ಬಾಗಿಲು ಮುಚ್ಚಿದ ಸರ್ಕಾರವೇ ಇನ್ನೊಂದನ್ನು ತೆರೆದಿಟ್ಟಿತು. 1925ರಲ್ಲಿ ಆ ಕಾಯ್ದೆಯ ರದ್ದತಿಗೂ ಶಾಸನವಾಯಿತು.

ಇದಾದ ಮೇಲೆ, 1933ರಲ್ಲಿ, ಶಿವರಾಮ ಕಾರಂತರ 'ಚೋಮನ ದುಡಿ' ಬಂತು. ಅಂದರೆ ಚೋಮನನ್ನು ಹಿಡಿದಿಟ್ಟ ಯಾವ ಸರ್ಕಾರಿ ಕಾಯ್ದೆಯೂ ಆಗ ಪುಸ್ತಕದಲ್ಲಿ ಉಳಿದಿರಲಿಲ್ಲ. ಆದರೂ ಅವನು ಬಿಡುಗಡೆ ಹೊಂದಲಿಲ್ಲ. ಕಾಡಿನಲ್ಲಿ ಸಿಕ್ಕ ಕರುಗಳನ್ನು ಸಾಕಿ ಎತ್ತು ಮಾಡಿದ್ದಾನೆ, ಉಳಲು ಹಿಡಿ ಭೂಮಿ ಬೇಕು. ಧಣಿ ಸಂಕಪ್ಪಯ್ಯನಿಗೆ ಕೊಡುವ ಮನಸ್ಸೂ ಬರುತ್ತದೆ. ತಡೆಯುವವರು ಯಾರು? ಪೊಲೀಸರಲ್ಲ, ಅಮಲ್ದಾರರಲ್ಲ, ಅವನ ಮುದಿ ತಾಯಿ. ಹೊಲೆಯ ಬೇಸಾಯ ಮಾಡುವುದು ಹಿಂದಿನಿಂದ ನಡೆದು ಬಂದದ್ದಲ್ಲ ಎಂಬ ಆಕೆಯ ಮಾತೇ ಅಲ್ಲಿನ ಕಾನೂನು. ಇನ್ನು ಕಾಫಿ ತೋಟದ ಸಾಲ. ಅದನ್ನು ತೀರಿಸಲು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಕಾಯಿಲೆ ಬಿದ್ದು ಸಾಯುತ್ತಾನೆ, ಒಬ್ಬ ಕ್ರೈಸ್ತ ಹುಡುಗಿಯನ್ನು ಕಟ್ಟಿಕೊಂಡು ಅತ್ತ ಸೇರುತ್ತಾನೆ. ಆಮೇಲೆ ಮಗಳು ಬೆಳ್ಳಿಯೇ ಹೋಗಬೇಕಾಗುತ್ತದೆ. ತೋಟದ ಧಣಿ ಸಾಲವನ್ನು ಮನ್ನಾ ಮಾಡುತ್ತಾನೆ, ಆದರೆ ಅವಳ ಮಾನದ ಬೆಲೆಗೆ. ಲೆಕ್ಕದ ಪುಸ್ತಕದಲ್ಲಿ ಚೋಮನ ಹೆಸರಿಗೆ ಗೆರೆ ಎಳೆದ ಆ ಜಾಗವನ್ನು ನಾನು ಎಷ್ಟು ಸಲ ಓದಿದರೂ ಸಲೀಸಾಗಿ ದಾಟಲಾರೆ.

ಬಿ.ವಿ. ಕಾರಂತರು ಈ ಕಾದಂಬರಿಯನ್ನು 1975ರಲ್ಲಿ ಚಲನಚಿತ್ರ ಮಾಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಜೀತ ಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಹೊರಬಿತ್ತು, 1976ರಲ್ಲಿ ಅದು ಕಾಯ್ದೆಯಾಯಿತು. ಇದು ಕಾಕತಾಳೀಯ, ಸಿನಿಮಾದಿಂದ ಕಾಯ್ದೆ ಬಂತೆಂದು ನಾನು ಹೇಳುತ್ತಿಲ್ಲ. ಆದರೆ ಕಾಯ್ದೆಯ ಎರಡನೆಯ ಕಲಮನ್ನು ದಯವಿಟ್ಟು ಓದಿ. ಯಾರು ಜೀತದಾಳು? ತಾನು ಪಡೆದ ಅಥವಾ ತನ್ನ ಹಿರಿಯರು, ಮಕ್ಕಳು ಪಡೆದ ಮುಂಗಡಕ್ಕಾಗಿ ದುಡಿಯುವವನು. ರೂಢಿಯ ಕಟ್ಟಳೆಯಿಂದ ದುಡಿಯುವವನು. ಇಂಥ ಜಾತಿಯಲ್ಲಿ ಹುಟ್ಟಿದ ಕಾರಣಕ್ಕೇ ದುಡಿಯುವವನು. ಬೇರೆ ಕೆಲಸ ಹಿಡಿಯುವ, ಬೇರೆಡೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡವನು. ಕರಡು ಬರೆದವರ ಮೇಜಿನ ಮೇಲೆ 'ಚೋಮನ ದುಡಿ' ಇತ್ತೇನೋ ಅನ್ನಿಸುತ್ತದೆ! ಆರನೆಯ ಕಲಂ ಅಂಥ ಸಾಲವನ್ನೇ ಅಳಿಸಿಹಾಕುತ್ತದೆ. ಹದಿನೈದನೆಯದು ಇನ್ನೂ ಮುಖ್ಯ: ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಹೆಬ್ಬೆಟ್ಟು ಒತ್ತಿದ ಬಡವ ಪುರಾವೆ ಹುಡುಕುತ್ತಾ ಅಲೆಯಬೇಕಾಗಿಲ್ಲ.

ಇದೆಲ್ಲ ದಕ್ಷಿಣ ಕನ್ನಡದ ಮಾತು, ನಮಗೇನು ಎನ್ನಬೇಡಿ. ಯುಗಾದಿಯಿಂದ ಯುಗಾದಿಗೆ ಆಳು ಇಟ್ಟುಕೊಳ್ಳುವ ಮಾತು ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಮಾಲೂರಿನ ಕಡೆ ಇಟ್ಟಿಗೆ ಗೂಡುಗಳಿವೆ. ಮುಂಗಡ ಎಂಬ ಪದ ಅಲ್ಲಿ ಯಾರಿಗೂ ಹೊಸದಲ್ಲ. 2007ರವರೆಗೆ ನಮ್ಮದೇ ಜಿಲ್ಲೆಯಲ್ಲಿದ್ದ ಶಿಡ್ಲಘಟ್ಟ ರೇಷ್ಮೆಯ ಊರು. ಕರ್ನಾಟಕದ ರೇಷ್ಮೆ ಕೆಲಸದಲ್ಲಿ ಮುಂಗಡಕ್ಕೆ ಸಿಕ್ಕಿಬಿದ್ದ ಮಕ್ಕಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತ್ತು. ಈ ಉದ್ಯೋಗದಲ್ಲಿ ಬಿಸಿನೀರಿಗೆ ಕೈ ಹಾಕುವವರಲ್ಲೂ ನಮ್ಮವರಿದ್ದಾರೆ, ಮುಂಗಡ ಕೊಡುವವರಲ್ಲೂ ಇದ್ದಾರೆ. ಜಕಾತ್ ಹಂಚಬೇಕಾದ ಎಂಟು ಬಾಬ್ತುಗಳಲ್ಲಿ ಗುಲಾಮರ ಬಿಡುಗಡೆ ಒಂದು, ಸಾಲದಲ್ಲಿ ಮುಳುಗಿದವರದು ಇನ್ನೊಂದು. ಗುಲಾಮರು ಈಗೆಲ್ಲಿದ್ದಾರೆ ಎಂದು ಮೊದಲನೆಯ ಬಾಬ್ತನ್ನು ನಾವು ಹಾಗೇ ದಾಟಿಸಿಬಿಡುತ್ತೇವೆ. ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರುಹಾಜರಿ ಬಿದ್ದ ಹುಡುಗನ ಮನೆಗೆ ಹೋಗಿ, ಅವನು ಎಲ್ಲಿ, ಯಾರ ಸಾಲಕ್ಕೆ ಎಂದು ಕೇಳಿದರೆ ಉತ್ತರ ಸಿಕ್ಕೀತು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ರಜೆಯಲ್ಲಿ 'ಚೋಮನ ದುಡಿ' ಓದಿ. ಚಿಕ್ಕ ಪುಸ್ತಕ, ಎರಡು ದಿನ ಸಾಕು. ಪಕ್ಕದಲ್ಲಿ 1976ರ ಕಾಯ್ದೆಯ ಎರಡನೆಯ ಕಲಂ ಇಟ್ಟುಕೊಂಡು, ಚೋಮನಿಗೆ ಅದರ ಯಾವ ಯಾವ ಮಾತು ಅನ್ವಯಿಸುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಆಮೇಲೆ ಬೆಳ್ಳಿಯ ಅಧ್ಯಾಯಕ್ಕೆ ಬನ್ನಿ. ಸಾಲ ತೀರಿತೆಂದು ಧಣಿ ಬರೆದುಕೊಂಡಿದ್ದಾನೆ. ಅವಳ ಪಾಲಿಗೆ ಯಾವ ಕಲಂ ಇದೆ ಎಂದು ಹುಡುಕಿ ನನಗೆ ತಿಳಿಸಿ.