ನೆರೆಯ ದೇಶದ ಕದ ತಟ್ಟಿದ ಮಹಿಳೆ
(ಕೌಟುಂಬಿಕ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



1983ರಲ್ಲಿ ಬ್ರೆಜಿಲ್ ದೇಶದ ಫೋರ್ಟಲೇಜಾ ನಗರದಲ್ಲಿ ಮರಿಯಾ ದ ಪೆನ್ಹಾ ಎಂಬ ಔಷಧ ವಿಜ್ಞಾನಿಯ ಬೆನ್ನಿಗೆ ಆಕೆ ಮಲಗಿದ್ದಾಗ ಗುಂಡು ಹಾರಿಸಲಾಯಿತು. ಕಳ್ಳರು ನುಗ್ಗಿದರೆಂದು ಪತಿ ಹೇಳಿದ. ಗುಂಡು ಹಾರಿಸಿದವನು ಅವನೇ ಆಗಿದ್ದ. ಸೊಂಟದ ಕೆಳಗೆ ಸ್ವಾಧೀನ ಕಳಕೊಂಡು ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮರಳಿದ ಪತ್ನಿಯನ್ನು ಸ್ನಾನದ ವೇಳೆ ವಿದ್ಯುತ್ ಹರಿಸಿ ಕೊಲ್ಲಲು ಅವನು ಮತ್ತೊಮ್ಮೆ ಯತ್ನಿಸಿದ. ನ್ಯಾಯಾಲಯ ಎರಡು ಬಾರಿ ಅವನನ್ನು ಅಪರಾಧಿಯೆಂದು ಘೋಷಿಸಿತು. ಆದರೂ ಹದಿನೈದು ವರ್ಷ ಕಳೆದರೂ ಅವನು ಜೈಲು ಸೇರಲಿಲ್ಲ. ಮೇಲ್ಮನವಿಗಳು ಸಾಗುತ್ತಲೇ ಇದ್ದುವು.

ತನ್ನ ದೇಶದ ನ್ಯಾಯಾಲಯ ಕೈಬಿಟ್ಟ ಮಹಿಳೆ ಎಲ್ಲಿಗೆ ಹೋಗಬೇಕು? ಇಂದು ನಾನು ನಿಮ್ಮ ಮುಂದಿರಿಸ ಬಯಸುವ ಪ್ರಶ್ನೆ ಇದುವೇ. ಮರಿಯಾರಿಗೆ ಹೋಗಲು ಒಂದು ಜಾಗವಿತ್ತು. 1994ರಲ್ಲಿ ಅಮೆರಿಕ ಖಂಡದ ರಾಷ್ಟ್ರಗಳು ಬ್ರೆಜಿಲ್‌ನ ಬೆಲೆಂ ದೊ ಪಾರಾ ನಗರದಲ್ಲಿ ಸೇರಿ ಒಂದು ಒಡಂಬಡಿಕೆ ಮಾಡಿಕೊಂಡಿದ್ದುವು. ಮಹಿಳೆಯ ಮೇಲಿನ ಹಿಂಸೆ ಮನೆಯೊಳಗೆ ನಡೆದರೂ ಬೀದಿಯಲ್ಲಿ ನಡೆದರೂ ಅದನ್ನು ತಡೆಯುವುದು, ತನಿಖೆ ಮಾಡುವುದು, ಶಿಕ್ಷಿಸುವುದು ಸರಕಾರದ ಹೊಣೆ ಎಂಬುದು ಅದರ ತಿರುಳು. ಸರಕಾರ ಈ ಹೊಣೆ ಮರೆತರೆ ಆ ದೇಶದ ಪ್ರಜೆಯೇ ವಾಷಿಂಗ್ಟನ್‌ನಲ್ಲಿರುವ ಅಮೆರಿಕ ಖಂಡದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬಹುದು. 1998ರಲ್ಲಿ ಮರಿಯಾ ಕೊಟ್ಟರು. 2001ರಲ್ಲಿ ಆಯೋಗವು ಬ್ರೆಜಿಲ್ ಸರಕಾರವನ್ನೇ ತಪ್ಪಿತಸ್ಥನೆಂದು ಸಾರಿತು. 2002ರಲ್ಲಿ, ಪ್ರಕರಣದ ಕಾಲಮಿತಿ ಮುಗಿಯಲು ಕೆಲವೇ ತಿಂಗಳುಗಳಿದ್ದಾಗ, ಪತಿ ಜೈಲು ಸೇರಿದ. 2006ರಲ್ಲಿ ಆಕೆಯ ಹೆಸರಿನಲ್ಲೇ ಕರೆಯಲಾಗುವ ಕಾನೂನು ಬಂತು. ಅದಕ್ಕಿಂತ ಮೊದಲು ಆ ದೇಶದಲ್ಲಿ ಹೆಂಡತಿಗೆ ಹೊಡೆದವನು ಒಂದು ಬುಟ್ಟಿ ದಿನಸಿ ದಾನ ಮಾಡಿ ಪ್ರಕರಣದಿಂದ ಪಾರಾಗಬಹುದಿತ್ತು! ಹೊಸ ಕಾನೂನು ಆ ಬಾಗಿಲನ್ನು ಮುಚ್ಚಿತು.

ಇನ್ನೊಂದು ಘಟನೆ. ಮೆಕ್ಸಿಕೋದ ಗಡಿನಗರ ಸಿಯುದಾದ್ ಹ್ವಾರೆಸ್. ಅಮೆರಿಕದ ಮಾರುಕಟ್ಟೆಗೆ ಸಾಮಾನು ಜೋಡಿಸುವ ಕಾರ್ಖಾನೆಗಳ ಊರು ಅದು. ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಅಲ್ಲಿ ಕಡಿಮೆ ಕೂಲಿಗೆ ದುಡಿಯುತ್ತಾರೆ. 1993ರಿಂದ ಅಲ್ಲಿ ಯುವತಿಯರು ಕಾಣೆಯಾಗುವುದು, ಶವವಾಗಿ ಸಿಗುವುದು ಸಾಮಾನ್ಯ ಸುದ್ದಿಯಾಯಿತು. 2001ರ ಅಕ್ಟೋಬರ್‌ನಲ್ಲಿ ಇಪ್ಪತ್ತರ ಹರೆಯದ ಓರ್ವ ಕಾರ್ಮಿಕಳು ಕೆಲಸಕ್ಕೆ ಎರಡು ನಿಮಿಷ ತಡವಾಗಿ ತಲುಪಿದಳು. ಕಾರ್ಖಾನೆಯವರು ಬಾಗಿಲಿನಿಂದಲೇ ಹಿಂದೆ ಕಳುಹಿಸಿದರು. ಆಕೆ ಮನೆ ತಲುಪಲಿಲ್ಲ. ನವೆಂಬರ್‌ನಲ್ಲಿ ಹತ್ತಿ ಹೊಲವೊಂದರಲ್ಲಿ ಎಂಟು ಯುವತಿಯರ ಶವಗಳು ಸಿಕ್ಕಿದುವು. ಅವರಲ್ಲಿ ಆಕೆಯೂ ಇದ್ದಳು, ಹದಿನೈದರ ಹರೆಯದ ಮನೆಗೆಲಸದ ಹುಡುಗಿಯೂ ಇದ್ದಳು.

ಮಗಳು ಕಾಣೆಯಾಗಿದ್ದಾಳೆಂದು ಅಳುತ್ತಾ ಬಂದ ತಾಯಂದಿರಿಗೆ ಅಧಿಕಾರಿಗಳು ಏನೆಂದರು? ಪ್ರಿಯಕರನ ಜೊತೆ ಹೋಗಿರಬೇಕು, ಕಾಯಿರಿ. ಈ ಮಾತು ನಮ್ಮ ಕಿವಿಗೆ ಅಪರಿಚಿತವೇ? ಸತ್ತವಳ ನಡತೆಯನ್ನು ವಿಚಾರಣೆಗೆ ಒಡ್ಡಿ ಕೊಂದವನನ್ನು ಮರೆಯುವ ಈ ಚಾಳಿ ಠಾಣೆಯೊಳಗೆ ಮಾತ್ರ ಇದೆಯೆಂದು ನಾವು ಭಾವಿಸಬಾರದು. ಅದು ನಮ್ಮ ಮದುವೆ ಚಪ್ಪರಗಳಲ್ಲೂ ಇದೆ, ಊಟದ ಸುಪ್ರದ ಸುತ್ತಲೂ ಇದೆ.

ಆ ತಾಯಂದಿರು ಗಡಿ ದಾಟಿ ಕೋಸ್ಟರಿಕಾದಲ್ಲಿರುವ ಅಮೆರಿಕ ಖಂಡದ ಮಾನವ ಹಕ್ಕು ನ್ಯಾಯಾಲಯಕ್ಕೆ ತಲುಪಿದರು. 2009ರ ನವೆಂಬರ್ 16ರ ತೀರ್ಪು ಇಂದಿಗೂ ಓದಲು ಯೋಗ್ಯವಾದುದು. ಕೊಂದವರು ಸರಕಾರಿ ನೌಕರರೆಂದು ಸಾಬೀತಾಗಿರಲಿಲ್ಲ. ಆದರೂ ಸರಕಾರ ಹೊಣೆ ಎಂದಿತು ನ್ಯಾಯಾಲಯ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ಅಪಾಯವಿದೆಯೆಂದು ಸರಕಾರಕ್ಕೆ ಗೊತ್ತಿತ್ತು, ಕಾಣೆಯಾದ ದೂರು ಬಂದ ಮೊದಲ ಗಂಟೆಗಳಲ್ಲೇ, ಮೊದಲ ದಿನಗಳಲ್ಲೇ ಹುಡುಕಬೇಕಿತ್ತು, ಹುಡುಕಲಿಲ್ಲ. ಸ್ತ್ರೀ ಎಂಬ ಕಾರಣಕ್ಕಾಗಿ ನಡೆದ ಹತ್ಯೆ ಎಂದು ನ್ಯಾಯಾಲಯ ಇದನ್ನು ಗುರುತಿಸಿತು. 'ಫೆಮಿಸೈಡ್' ಎಂದು ಇಂದು ಜಗತ್ತು ಕರೆಯುವ ಸ್ತ್ರೀಹತ್ಯೆ ಇದು.

ಒಡಂಬಡಿಕೆಯಿಂದ ಹತ್ಯೆಗಳು ನಿಂತವೇ? ಇಲ್ಲ. ವಿಶ್ವಸಂಸ್ಥೆಯ ಲ್ಯಾಟಿನ್ ಅಮೆರಿಕ ಆರ್ಥಿಕ ಆಯೋಗದ ಲೆಕ್ಕದಂತೆ 2023ರಲ್ಲಿ ಆ ಪ್ರದೇಶದ 27 ದೇಶಗಳಲ್ಲಿ ಕನಿಷ್ಠ 3,897 ಮಹಿಳೆಯರು ಹೀಗೆ ಕೊಲೆಯಾದರು. ಸಣ್ಣ ಸಂಖ್ಯೆಯಲ್ಲ. ಆದರೆ ಅಲ್ಲಿ ಲೆಕ್ಕವಿದೆ. ಪ್ರತಿ ದೇಶವೂ ತನ್ನ ಸಂಖ್ಯೆಯನ್ನು ನೆರೆಯವರ ಮುಂದೆ ಇಡಬೇಕು, ಪಾಲನೆಯನ್ನು ಪರಿಶೀಲಿಸಲು 2004ರಿಂದ ತಜ್ಞರ ಸಮಿತಿಯಿದೆ. ನಾಚಿಕೆ ಎಂಬುದೂ ಒಂದು ಕಾನೂನೇ.

ಒಪ್ಪಂದದಿಂದ ಹೊರ ನಡೆದವರೂ ಇದ್ದಾರೆ. ಯುರೋಪಿನ ಇಂತಹದೇ ಒಡಂಬಡಿಕೆಗೆ 2011ರಲ್ಲಿ ಸಹಿ ಬಿದ್ದುದು ಇಸ್ತಾಂಬುಲ್‌ನಲ್ಲಿ. ಅದನ್ನು ಮೊದಲು ಅನುಮೋದಿಸಿದ ತುರ್ಕಿಯೇ 2021ರಲ್ಲಿ ಹೊರಬಂತು. ಕುಟುಂಬದ ಮೌಲ್ಯಕ್ಕೆ ಅದರಿಂದ ಧಕ್ಕೆ ಎಂಬ ವಾದ ಅಲ್ಲಿ ಕೇಳಿಬಂತು. ಕುಟುಂಬವನ್ನು ಉಳಿಸಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಪತ್ನಿಯ ಪ್ರಾಣ ಉಳಿಯದ ಮನೆಯಲ್ಲಿ ಉಳಿಯುವ ಕುಟುಂಬ ಯಾವುದು? ತುರ್ಕಿಯ ತೀರ್ಮಾನವೆಂಬ ಕಾರಣಕ್ಕೆ ನಾವು ಅದನ್ನು ಸಮರ್ಥಿಸಬೇಕಾಗಿಲ್ಲ.

ಇನ್ನು ನಮ್ಮ ಪ್ರದೇಶ. ಸಾರ್ಕ್ ರಾಷ್ಟ್ರಗಳು 2002ರಲ್ಲಿ ಕಠ್ಮಂಡುವಿನಲ್ಲಿ ಮಹಿಳೆಯರ ಮತ್ತು ಮಕ್ಕಳ ಸಾಗಾಟದ ವಿರುದ್ಧ ಒಂದು ಒಪ್ಪಂದಕ್ಕೆ ಸಹಿ ಹಾಕಿದುವು. ವೇಶ್ಯಾವಾಟಿಕೆಗಾಗಿ ನಡೆಯುವ ಸಾಗಾಟ ಮಾತ್ರ ಅದರ ವ್ಯಾಪ್ತಿ. ಮನೆಯೊಳಗೆ ಸುಟ್ಟವಳು, ಮರ್ಯಾದೆಯ ಹೆಸರಲ್ಲಿ ಕೊಲೆಯಾದವಳು ಅದರಲ್ಲಿಲ್ಲ. ದೂರು ಕೇಳುವ ನ್ಯಾಯಾಲಯವೂ ಇಲ್ಲ. ಸಾರ್ಕ್ ಶೃಂಗಸಭೆಯೇ 2014ರ ಬಳಿಕ ನಡೆದಿಲ್ಲ. ಕಾಶ್ಮೀರದ ಕುರಿತು ಮಾತನಾಡಲಾಗದ ಸರಕಾರಗಳು ಸೀಮೆಎಣ್ಣೆ ಮತ್ತು ಆ್ಯಸಿಡ್‌ನ ಕುರಿತಾದರೂ ಮಾತಾಡಬಹುದಿತ್ತಲ್ಲವೇ?

ಆ್ಯಸಿಡ್‌ನ ಉದಾಹರಣೆಯನ್ನೇ ನೋಡಿ. ಬಾಂಗ್ಲಾದೇಶ 2002ರಲ್ಲೇ ಆ್ಯಸಿಡ್ ಮಾರಾಟಕ್ಕೆ ಪರವಾನಿಗೆ ಕಡ್ಡಾಯ ಮಾಡಿ, ದಾಳಿಗೆ ಕಠಿಣ ಶಿಕ್ಷೆಯ ಕಾನೂನು ತಂದಿತು. ಆ ವರ್ಷ ಅಲ್ಲಿ 500ರ ಸಮೀಪವಿದ್ದ ದಾಳಿಗಳು ಹತ್ತು ವರ್ಷಗಳಲ್ಲಿ 100ಕ್ಕಿಂತ ಕೆಳಗಿಳಿದುವು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಆ್ಯಸಿಡ್ ದಾಳಿಗಳ ವಿರುದ್ಧ ಮಹಿಳೆಯರು ಬೀದಿಗಿಳಿದಿದ್ದರು. ನಮ್ಮ ದೇಶದಲ್ಲಿ ಪ್ರತ್ಯೇಕ ಕಲಮು ಮತ್ತು ಮಾರಾಟದ ಮೇಲೆ ಸುಪ್ರೀಂ ಕೋರ್ಟಿನ ನಿರ್ಬಂಧ ಬಂದುದು 2013ರಲ್ಲಿ. ನೆರೆಮನೆಯವನಿಗೆ ಗೊತ್ತಿದ್ದ ಮದ್ದು ನಮ್ಮ ಮನೆಗೆ ಬರಲು ಹನ್ನೊಂದು ವರ್ಷ ಹಿಡಿಯಿತು. ಆ ಹನ್ನೊಂದು ವರ್ಷಗಳಲ್ಲಿ ಸುಟ್ಟ ಮುಖಗಳಿಗೆ ಯಾರು ಉತ್ತರಿಸುತ್ತಾರೆ?

ನಮ್ಮಲ್ಲಿ 2022ರಲ್ಲಿ ದಾಖಲಾದ ವರದಕ್ಷಿಣೆ ಸಾವುಗಳೇ ಆರು ಸಾವಿರ ಮೀರಿವೆ. ಮೆಹರ್ ಕೊಟ್ಟು ಮದುವೆಯಾಗಬೇಕಾದ ಸಮುದಾಯದಲ್ಲೂ ಚಿನ್ನ, ಕಾರು, ನಗದಿನ ಚೌಕಾಶಿ ನಡೆಯುತ್ತಿರುವುದನ್ನು ಇಲ್ಲಿ ಕುಳಿತ ಯಾರೂ ಅಲ್ಲಗಳೆಯಲಾರರು.

ಸಭೆಯ ಮೊದಲು ಓರ್ವ ತಾಯಿ ನನ್ನಲ್ಲಿ ಕೇಳಿದರು, ಮಗಳನ್ನು ಬೇರೆ ಜಿಲ್ಲೆಗೆ ಕೊಟ್ಟಿದ್ದೇವೆ, ಅಲ್ಲಿನ ಠಾಣೆಗೆ ಹೋಗಲು ನಮಗೆ ಯಾರೂ ಇಲ್ಲ ಎಂದು. ಅವರಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ನಿಮ್ಮೂರಿನ ಠಾಣೆಯಲ್ಲೇ ದೂರು ದಾಖಲಿಸಬಹುದು. ನಮ್ಮ ವ್ಯಾಪ್ತಿಯಲ್ಲ ಎಂದು ಹಿಂದೆ ಕಳುಹಿಸುವಂತಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನಲ್ಲಿ ಮಗಳು ಈಗ ತವರಿನಲ್ಲಿದ್ದರೆ ತವರಿನ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಕೊಡಬಹುದು. ಸಹಾಯವಾಣಿಯ ಸಂಖ್ಯೆ 181. ಸಭೆ ಮುಗಿದ ಬಳಿಕ ಆ ತಾಯಿಯ ಜೊತೆ ಠಾಣೆಗೆ ಹೋಗಲು ಇಬ್ಬರು ಒಪ್ಪಿದ್ದಾರೆ. ಇನ್ನೂ ಒಂದಿಬ್ಬರು ಬೇಕು.