ಕೆಳಗೆ ಸಣ್ಣಕ್ಷರದಲ್ಲಿ ನನ್ನ ಪ್ರೆಸ್ಸಿನ ಹೆಸರಿತ್ತು

(ತರುಣರ ಸಭೆಯಲ್ಲಿ ಆಡಿದ ಮಾತು)



ಮೈಕ್ ಹಿಡಿದು ಅಭ್ಯಾಸವಿಲ್ಲ. ಮೆಷಿನ್ ಸದ್ದಿನ ನಡುವೆ ಬದುಕುವ ಮನುಷ್ಯ ನಾನು. ಆದರೂ ಬಂದೆ, ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ.

ಹೋದ ವರ್ಷ ಒಬ್ಬ ಏಜೆಂಟ್ ಐದು ಸಾವಿರ ಕರಪತ್ರಕ್ಕೆ ಆರ್ಡರ್ ಕೊಟ್ಟ. 'ಡಿಗ್ರಿ ಓದುವವರಿಗೆ ಆಸ್ಟ್ರೇಲಿಯಾದಲ್ಲಿ ಒಂದು ವರ್ಷ ಕೆಲಸ, ಕೈತುಂಬ ಸಂಬಳ, ವೀಸಾ ಗ್ಯಾರಂಟಿ!' ದುಡ್ಡು ಮುಂಗಡ. ನಾನು ಕಾಗುಣಿತ ತಿದ್ದಿದೆ, ಅಚ್ಚು ಹಾಕಿದೆ. ಎರಡು ತಿಂಗಳ ಮೇಲೆ ನಮ್ಮ ಬೀದಿಯ ಬಿ.ಕಾಂ. ಹುಡುಗ ಅದೇ ಕರಪತ್ರ ಹಿಡಿದು ಬಂದ. ಅವರಮ್ಮ ಚೀಟಿ ಎತ್ತಿ ಕೊಟ್ಟ ನಲವತ್ತು ಸಾವಿರ ಹೋಗಿತ್ತು. ಏಜೆಂಟನ ಆಫೀಸಿಗೆ ಬೀಗ. "ಅಣ್ಣಾ, ಕೆಳಗೆ ನಿಮ್ಮ ಪ್ರೆಸ್ ಹೆಸರಿದೆ, ಅದಕ್ಕೇ ನಂಬಿದೆ" ಅಂದ. ಏನು ಹೇಳಲಿ?

ಆಮೇಲೆ ಕೂತು ವಿಚಾರಿಸಿದೆ. ವೀಸಾ ಸುಳ್ಳಲ್ಲ, ಗ್ಯಾರಂಟಿ ಸುಳ್ಳು! 2024ರಲ್ಲಿ ಆಸ್ಟ್ರೇಲಿಯಾ ನಮ್ಮ ದೇಶದವರಿಗೂ 'ವರ್ಕ್ ಅಂಡ್ ಹಾಲಿಡೇ' ಎಂಬ 462ನೇ ನಂಬರಿನ ವೀಸಾ ತೆರೆಯಿತು. ವರ್ಷಕ್ಕೆ ಸಾವಿರ ಮಂದಿಗೆ ಮಾತ್ರ. ವಯಸ್ಸು 18ರಿಂದ 30. ಡಿಗ್ರಿಯ ಎರಡು ವರ್ಷ ಮುಗಿಸಿದ್ದರೂ ಆಯಿತು. (ಪಿಯುಸಿಗೆ ನಿಲ್ಲಿಸಿದ ನನ್ನಂಥವನಿಗೆ ಆ ಬಾಗಿಲು ಯಾವತ್ತೂ ಇಲ್ಲ ಬಿಡಿ.) ಹನ್ನೆರಡು ತಿಂಗಳು ಇದ್ದು ದುಡಿಯಬಹುದು, ಆದರೆ ಸಾಮಾನ್ಯವಾಗಿ ಒಬ್ಬ ಮಾಲೀಕನ ಹತ್ತಿರ ಆರು ತಿಂಗಳಷ್ಟೇ. ಖರ್ಚಿಗೆ ಸುಮಾರು 5,000 ಅಲ್ಲಿನ ಡಾಲರ್ ಇದೆ ಎಂದು ತೋರಿಸಬೇಕು. ನಮ್ಮಂಥ ಮನೆಗಳಿಗೆ ಅದೇ ದೊಡ್ಡ ಗುಡ್ಡ.

ಆಯ್ಕೆ ಹೇಗೆ ಗೊತ್ತೇ? ಲಾಟರಿ ಸ್ವಾಮಿ! 25 ಡಾಲರ್ ಕಟ್ಟಿ ಹೆಸರು ಕೊಡಬೇಕು, ಕಂಪ್ಯೂಟರ್ ಎತ್ತುತ್ತದೆ. ಮೊದಲ ಸಲ ಎರಡೇ ವಾರದಲ್ಲಿ ಹೆಸರು ಕೊಟ್ಟವರು ಸುಮಾರು 40,000 ಮಂದಿ. ನಲವತ್ತಕ್ಕೆ ಒಬ್ಬ. ಇದರಲ್ಲಿ ಯಾವ ಏಜೆಂಟ್ ಯಾರಿಗೆ ಗ್ಯಾರಂಟಿ ಕೊಡುತ್ತಾನೆ?

ಆ ಹುಡುಗನನ್ನು ಕೇಳಿದೆ, ನೀನೇ ಯಾಕೆ ಅರ್ಜಿ ಹಾಕಲಿಲ್ಲ ಅಂತ. "ನಾನು ಕನ್ನಡ ಮೀಡಿಯಂ ಅಣ್ಣಾ, ಅಲ್ಲೆಲ್ಲಾ ಇಂಗ್ಲಿಷು" ಅಂದ. ನನಗೆ ಹೊಟ್ಟೆ ಉರಿದದ್ದು ಇಲ್ಲಿ. ಆ ವೀಸಾಕ್ಕೆ ಬೇಕಾದ ಇಂಗ್ಲಿಷ್ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಸರಾಸರಿ 4.5, ಅಷ್ಟೆ. ಒಂಬತ್ತಕ್ಕೆ ನಾಲ್ಕೂವರೆ! ನಮ್ಮ ಹುಡುಗರು ಆರು ತಿಂಗಳು ಕೂತರೆ ಬರುವುದಿಲ್ಲವೇ? ಏಜೆಂಟನಿಗೆ ಬಂಡವಾಳ ಆದದ್ದು ನಮ್ಮ ಈ ಅಂಜಿಕೆ.

ಹೋದವರಿಗೂ ಒಂದು ಮಾತು. 2025ರ ಜುಲೈ 1ರಿಂದ ಅಲ್ಲಿ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಎಂದು ನಿಗದಿಯಾಯಿತು. ಮಾಲೀಕ ನಮ್ಮೂರಿನವನೇ ಆಗಿರಲಿ, 'ಪೇ ಸ್ಲಿಪ್ ಬೇಡ, ಕೈಗೆ ಕೊಡ್ತೀನಿ' ಅಂದರೆ ಒಪ್ಪಬೇಡಿ. ಫೇರ್ ವರ್ಕ್ ಓಂಬುಡ್ಸ್‌ಮನ್ ಎಂಬ ಸರ್ಕಾರಿ ಕಚೇರಿಯಿದೆ, ವೀಸಾದ ಮೇಲೆ ಬಂದವರ ದೂರನ್ನೂ ಕೇಳುತ್ತದೆ.

ಈ ನಿಯಮಗಳನ್ನೆಲ್ಲ ಕನ್ನಡದಲ್ಲಿ ಕಂಪೋಸ್ ಮಾಡಿಸಿ ಒಂದು ಹಾಳೆ ಅಚ್ಚು ಹಾಕಿಸಿದ್ದೇನೆ. ಐದು ಸಾವಿರ ಪ್ರತಿ, ಅವನಿಗೆ ಹಾಕಿಕೊಟ್ಟಷ್ಟೇ. ಬಾಗಿಲ ಹತ್ತಿರ ಮೇಜಿನ ಮೇಲಿದೆ, ಆ ಹುಡುಗನೇ ಹಂಚುತ್ತಿದ್ದಾನೆ. ಕಾಸಿಲ್ಲ. ಕಾಲೇಜಿಗೆ ನಾಲ್ಕು ಹೆಚ್ಚಿಗೆ ತೆಗೆದುಕೊಂಡು ಹೋಗಿ.