ಗೋಡೆಯಾಚೆಯ ದನಿ

ಗೋಡೆಗೂ ಕಿವಿಯುಂಟು ಎಂಬುದು ನಮ್ಮ ಹಳೆಯ ಮಾತು. ಗೋಡೆಗೆ ಬಾಯಿಯೂ ಇದ್ದ ಒಂದು ಸೆರೆಮನೆಯ ವಿಚಾರವನ್ನು ನಾನು ಈ ಹೊತ್ತು ತಮ್ಮ ಮುಂದಿಡಬಯಸುತ್ತೇನೆ.

ಅದು ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್ ಬಡಾವಣೆಯ ನಟ್ಟನಡುವೆ 1932ರಲ್ಲಿ ತೆರೆದ ಮಹಿಳಾ ಬಂದೀಖಾನೆ. ಕವಿಗಳೂ ಚಿತ್ರಕಾರರೂ ಓಡಾಡುವ ಬೀದಿಯಲ್ಲಿಯೇ ಅದು ಮಹಡಿಯ ಮೇಲೆ ಮಹಡಿಯಾಗಿ ನಿಂತಿತ್ತು. ಒಳಗಿನ ಹೆಂಗಸರು ಕಿಟಕಿಗೆ ಮುಖವೊಡ್ಡಿ, ಕೆಳಗೆ ನಿಂತ ತಮ್ಮವರನ್ನು ಕೂಗಿ ಮಾತನಾಡಿಸುತ್ತಿದ್ದರು. ನೆರೆಹೊರೆಯ ಹಲವರಿಗೆ ಅದು ಬರಿಯ ಗದ್ದಲ. ಗದ್ದಲವಲ್ಲ, ಅಹವಾಲು ಎಂದು ತಿಳಿಯುವುದಕ್ಕೆ ಬೇರೆಯ ಕಿವಿ ಬೇಕಾಗಿತ್ತು.

1965ರಲ್ಲಿ ಆಂಡ್ರಿಯಾ ಡ್ವರ್ಕಿನ್ ಎಂಬ ಹದಿನೆಂಟರ ವಿದ್ಯಾರ್ಥಿನಿ ವಿಯೆಟ್ನಾಂ ಯುದ್ಧವನ್ನು ಪ್ರತಿಭಟಿಸಿ ಇಲ್ಲಿ ಬಂದಿಯಾದಳು. ವೈದ್ಯಕೀಯ ತಪಾಸಣೆಯ ಹೆಸರಿನಲ್ಲಿ ತನ್ನ ದೇಹದ ಮೇಲೆ ನಡೆದ ಕ್ರೌರ್ಯವನ್ನೂ, ಅದರಿಂದಾದ ರಕ್ತಸ್ರಾವವನ್ನೂ ಹೊರಬಂದ ಮೇಲೆ ನಾಚದೆ, ಅಂಜದೆ ಲೋಕಕ್ಕೆ ತಿಳಿಸಿದಳು. 1970ರಲ್ಲಿ ಏಂಜೆಲಾ ಡೇವಿಸ್ ಅಲ್ಲಿಗೆ ಬಂದಾಗ ಇನ್ನೊಂದು ಸತ್ಯ ಬೆಳಕಿಗೆ ಬಂತು. ಅಪರಾಧ ಸಾಬೀತಾಗದ ಎಷ್ಟೋ ಬಡ ಹೆಂಗಸರು ಜಾಮೀನಿನ ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಅಲ್ಲಿ ಕೊಳೆಯುತ್ತಿದ್ದರು. ಒಳಗಿನವರೂ ಹೊರಗಿನವರೂ ಕೂಡಿ ಒಂದು ಜಾಮೀನು ನಿಧಿ ಕಟ್ಟಿದರು. ಸ್ತ್ರೀವಿಮೋಚನೆಯೆಂಬ ದೊಡ್ಡ ಮಾತು ಹೀಗೆ ನೆಲಕ್ಕಿಳಿದು, ಒಬ್ಬ ಬಡವಿಯ ಬಿಡುಗಡೆಯ ಮೊತ್ತದ ಲೆಕ್ಕವಾಯಿತು.

ಇಂತಹ ದನಿಗಳಿಗೆ ಬಾನುಲಿಯ ಆಶ್ರಯವೂ ದೊರಕಿತು. 1949ರಲ್ಲಿ ಬರ್ಕ್ಲಿಯಲ್ಲಿ ಪ್ರಸಾರ ಆರಂಭಿಸಿದ ಪೆಸಿಫಿಕಾ ರೇಡಿಯೋ ಜಾಹೀರಾತನ್ನು ನೆಚ್ಚದೆ ಕೇಳುಗರ ವಂತಿಗೆಯಿಂದಲೇ ನಡೆದುಬಂದುದು. 1960ರಲ್ಲಿ ನ್ಯೂಯಾರ್ಕಿನ ಡಬ್ಲ್ಯುಬಿಎಐ ಕೇಂದ್ರವೂ ಅದಕ್ಕೆ ಸೇರಿತು. ಮಹಿಳಾ ಚಳವಳಿಯ ಸಭೆ, ಸಂದರ್ಶನ, ವಾದವಿವಾದಗಳನ್ನು ಈ ಕೇಂದ್ರಗಳು ಸುರುಳಿಗಳಲ್ಲಿ ಹಿಡಿದಿಟ್ಟವು. 1963ರಿಂದ 1982ರವರೆಗಿನ ಅಂತಹ ಮುದ್ರಣಗಳನ್ನು ಈಚೆಗೆ ಡಿಜಿಟಲ್ ರೂಪಕ್ಕೆ ತಂದು ಉಳಿಸಲಾಗಿದೆ. ಪತ್ರಿಕೆಯಲ್ಲಿ ಕೈದಿಯ ಮಾತನ್ನು ಇನ್ನೊಬ್ಬರು ತಿದ್ದಿಯಾರು. ಸುರುಳಿಯಲ್ಲಿ ಆಕೆಯ ತಡವರಿಕೆಯೂ ಸಿಟ್ಟೂ ಆಕೆಯವೇ ಆಗಿ ಉಳಿಯುತ್ತವೆ. ಈ ಮುದ್ರಣಗಳ ಬೆಲೆ ಇರುವುದು ಅಲ್ಲಿಯೇ ಎಂದು ನನಗೆ ತೋರುತ್ತದೆ.

1971ರಲ್ಲಿ ಆ ಬಂದೀಖಾನೆ ಮುಚ್ಚಿತು. ಮುಂದೆ ಕಟ್ಟಡವನ್ನು ಕೆಡವಲಾಯಿತು. ಈಗ ಅಲ್ಲಿ ಹೂದೋಟವಿದೆ. ಸುಧಾರಣೆಯೆಂದು ಮೆಚ್ಚೋಣವೆಂದರೆ ನನ್ನ ಮನಸ್ಸು ಒಪ್ಪದು. ಹೆಂಗಸರು ಬಿಡುಗಡೆ ಹೊಂದಲಿಲ್ಲ, ನದಿಯ ನಡುವಿನ ರೈಕರ್ಸ್ ದ್ವೀಪಕ್ಕೆ ಸಾಗಿದರು. ಅಲ್ಲಿಂದ ಎಷ್ಟು ಕೂಗಿದರೂ ಬೀದಿಗೆ ಕೇಳಿಸದು. ಸೆರೆಮನೆ ಕಣ್ಮರೆಯಾಯಿತು, ಸೆರೆ ಉಳಿಯಿತು.

ದನಿಯನ್ನು ದೂರವಿಟ್ಟು ನೋವು ತೀರಿತೆಂದು ನಂಬುವುದು ಸುಲಭ. ಆ ಸುಲಭದ ನಂಬಿಕೆಗೆ ಈ ಹಳೆಯ ಸುರುಳಿಗಳು ಇಂದಿಗೂ ಅಡ್ಡ ನಿಂತಿವೆ. ಮಾತನಾಡುವ ಧೈರ್ಯವನ್ನು ಆ ಹೆಂಗಸರು ತೋರಿದರು. ಕಿವಿಗೊಡುವ ಧೈರ್ಯವಷ್ಟೇ ನಮ್ಮ ಪಾಲಿಗೆ ಉಳಿದಿದೆ.